ವೆಮೊರ್ಕ್ ಕಂದರದಲ್ಲಿ ರೊನ್ನೆಬರ್ಗ್ ಹಾದಿ

ಓಸ್ಲೋದಿಂದ ಪಶ್ಚಿಮಕ್ಕೆ ಸುಮಾರು 180 ಕಿ.ಮೀ., ಕಾರಿನಲ್ಲಿ ಮೂರು ಗಂಟೆ. ರ್ಯೂಕನ್ ಪಟ್ಟಣ ಎಂಥ ಇಕ್ಕಟ್ಟಿನ ಕಣಿವೆಯಲ್ಲಿದೆಯೆಂದರೆ, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಅಲ್ಲಿ ನೇರ ಬಿಸಿಲೇ ಇಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ಕನ್ನಡಿ ನಿಲ್ಲಿಸಿ ಪೇಟೆ ಚೌಕಕ್ಕೆ ಬಿಸಿಲು ಬೀಳಿಸಿಕೊಂಡಿದ್ದಾರೆ. ಅದನ್ನು ನೋಡಲು ಐದು ನಿಮಿಷ ಸಾಕು; ದಿನವಿಡೀ ಕೊಡಬೇಕಾದದ್ದು ವೆಮೊರ್ಕ್‌ಗೆ.

1911ರ ಜಲವಿದ್ಯುತ್ ಕೇಂದ್ರ ಈಗ ಮ್ಯೂಸಿಯಂ. ಎರಡನೇ ಮಹಾಯುದ್ಧದಲ್ಲಿ ನಾರ್ವೇಯನ್ನು ಹಿಡಿದಿದ್ದ ಜರ್ಮನ್ನರಿಗೆ ತಮ್ಮ ಅಣು ಯೋಜನೆಗೆ ಬೇಕಿದ್ದ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಇಲ್ಲಿ ತಯಾರಾಗುತ್ತಿತ್ತು. ಕಾರು ನಿಲ್ಲಿಸಿ ತೂಗುಸೇತುವೆ ದಾಟಿ, ಏರು ಹತ್ತಬೇಕು. ಆದರೆ ಸೇತುವೆಯ ನಡುವೆ ನಿಂತು ಮೊದಲು ಕೆಳಗೆ ನೋಡಿ. 1943ರ ಫೆಬ್ರವರಿ 27ರ ರಾತ್ರಿ ಇಲ್ಲಿ ಜರ್ಮನ್ ಕಾವಲಿತ್ತು. ಅವರನ್ನು ಕೊಂದು ಬಂದರೆ ಸದ್ದಾಗುತ್ತದೆ, ಊರವರ ಮೇಲೆ ಸೇಡು ಬೀಳುತ್ತದೆ. ಹಾಗಾಗಿ ಭಾರಜಲ ಘಟಕವನ್ನು ಸ್ಫೋಟಿಸಲು ಬಂದ, 23ರ ಹರೆಯದ ಯೊಆಕಿಮ್ ರೊನ್ನೆಬರ್ಗ್‌ನ ನಾರ್ವೇ ಕಮಾಂಡೊ ತಂಡ ಕಂದರಕ್ಕೇ ಇಳಿದು, ಮೋನಾ ನದಿಯ ಮಂಜುಗಡ್ಡೆ ದಾಟಿ, ಎದುರು ಬಂಡೆ ಹತ್ತಿ ಕೇಂದ್ರಕ್ಕೆ ಹೋಗುವ ರೈಲು ಹಳಿ ಸೇರಿತು. ದಾರಿ ಹುಡುಕಿದವನು ತಂಡದ ಕ್ಲಾಸ್ ಹೆಲ್‌ಬರ್ಗ್: ಮರ ಬೆಳೆಯುವ ಕಡೆ ಮನುಷ್ಯನೂ ಹತ್ತಬಲ್ಲ ಎಂಬುದು ಅವರ ಲೆಕ್ಕ. ಇವತ್ತಿಗೂ ಆ ಇಳಿಜಾರಿನಲ್ಲಿ ಮರಗಳಿವೆ. ಲೆಕ್ಕ ಅರ್ಥವಾಗಲು ಮ್ಯೂಸಿಯಂ ಫಲಕಕ್ಕಿಂತ ಈ ನೋಟವೇ ಮೇಲು.

ಭಾರಜಲದ ಕಟ್ಟಡವನ್ನು 1977ರಲ್ಲಿ ಕೆಡವಿದ್ದರು. ಹೂತುಹೋಗಿದ್ದ ನೆಲಮಾಳಿಗೆಯನ್ನು ಅಗೆದು ತೆಗೆದು ಜನರಿಗೆ ತೆರೆದಿದ್ದಾರೆ. ರೊನ್ನೆಬರ್ಗ್, ಫ್ರೆಡ್ರಿಕ್ ಕೈಸರ್ ಕೇಬಲ್ ಹಾಯಿಸುವ ಕಿಂಡಿಯಲ್ಲಿ ತೆವಳಿ ಒಳಗೆ ಬಂದರು. ಇನ್ನಿಬ್ಬರು ಕಿಟಕಿ ಒಡೆದರು, ಅವರಲ್ಲೊಬ್ಬ ಒಳಗಿಳಿದ. ಭಾರಜಲ ತಯಾರಿಸುವ 18 ಎಲೆಕ್ಟ್ರೊಲಿಸಿಸ್ ಕೋಶಗಳಿಗೆ ಸಾಸೇಜಿನಂತೆ ಉದ್ದಕ್ಕಿದ್ದ ಪ್ಲಾಸ್ಟಿಕ್ ಸ್ಫೋಟಕ ಸುತ್ತಿದರು. ಎರಡು ನಿಮಿಷದ ಬತ್ತಿಯನ್ನು ರೊನ್ನೆಬರ್ಗ್ 30 ಸೆಕೆಂಡಿಗೆ ಕತ್ತರಿಸಿದ. ಎರಡು ನಿಮಿಷ ಬಿಟ್ಟರೆ ಯಾರಾದರೂ ಬಂದು ಆರಿಸಿಬಿಡಬಹುದಿತ್ತು. ಸುಮಾರು 500 ಕಿಲೋ ಭಾರಜಲ ಚರಂಡಿಗೆ ಹರಿಯಿತು. ಒಂದು ಗುಂಡೂ ಹಾರಲಿಲ್ಲ. ಬಳಿಕ ಐವರು ಸ್ಕೀಯಿಂಗ್ ಮಾಡಿಕೊಂಡೇ ಸ್ವೀಡನ್ ಸೇರಿದರು.

ಇದರಿಂದ ಜರ್ಮನ್ ಅಣು ಯೋಜನೆ ಮುಗಿಯಿತು ಎನ್ನುವುದು ಉತ್ಪ್ರೇಕ್ಷೆ: ಕೆಲವೇ ತಿಂಗಳಲ್ಲಿ ಉತ್ಪಾದನೆ ಮತ್ತೆ ಶುರುವಾಯಿತು. 1944ರ ಫೆಬ್ರವರಿ 20ರಂದು ಟಿನ್ ಸರೋವರದಲ್ಲಿ ಭಾರಜಲ ಹೊತ್ತ ಫೆರಿಯನ್ನೇ ಮುಳುಗಿಸಬೇಕಾಯಿತು; ಸತ್ತ 18 ಜನರಲ್ಲಿ 14 ಮಂದಿ ನಾರ್ವೇಯವರೇ.

ರೊನ್ನೆಬರ್ಗ್‌ಗೆ ನಾರ್ವೇಯ ಖಡ್ಗಸಹಿತ ಯುದ್ಧ ಶಿಲುಬೆ ಮತ್ತು ಬ್ರಿಟನ್ನಿನ ಸೇನಾ ಗೌರವ ಡಿಎಸ್ಒ ಬಂದವು. ಯುದ್ಧದ ಬಳಿಕ ರೇಡಿಯೊದಲ್ಲಿ ದುಡಿದು, 2018ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡ. ಪ್ರತಿಮೆ ಇರುವುದು ಅವನ ಹುಟ್ಟೂರು ಓಲೆಸುಂದ್‌ನಲ್ಲಿ. ಅದು ಬೇರೆಯದೇ ಪ್ರಯಾಣ, ಇದರ ಜೊತೆ ಸೇರಿಸಲು ಹೋಗಬೇಡಿ. ಚಳಿಗಾಲದಲ್ಲಿ ಮ್ಯೂಸಿಯಂ ತೆರೆದಿರುವ ಸಮಯ ಕಡಿಮೆ, ಮೊದಲೇ ವಿಚಾರಿಸಿಕೊಳ್ಳಿ.