ಬೇಳೆಯ ಯೋಜನೆ ಅಂಗಳದಿಂದ ಶುರುವಾಗಬೇಕು

ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಖರೀದಿ, ಉತ್ಪಾದನೆಗಳ ಲೆಕ್ಕ ನೋಡಿಕೊಳ್ಳುವ ನನಗೆ ಒಂದು ಮಾತಂತೂ ಖಚಿತವಾಗಿದೆ. ಯಂತ್ರ ದಿನಕ್ಕೆ ಎಷ್ಟು ಕ್ವಿಂಟಲ್ ತೊಗರಿ ಒಡೆಯುತ್ತದೆ ಎಂಬುದನ್ನಷ್ಟೇ ನೋಡಿ ಬೆಂಗಳೂರಿನ ವ್ಯಾಪಾರಿಗೆ ಬೇಳೆ ಕಳಿಸುವ ತಾರೀಖು ಕೊಡಬಾರದು.

ತೊಗರಿಯ ಸಿಪ್ಪೆ ಬೇಳೆಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಕಾಳನ್ನು ಚೊಕ್ಕ ಮಾಡಿ, ಗಾತ್ರದ ಪ್ರಕಾರ ಬೇರ್ಪಡಿಸಿ, ರೋಲರ್‌ನಲ್ಲಿ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ಅಂಗಳದಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿ, ರಾತ್ರಿ ರಾಶಿ ಹಾಕಿ ಮುಚ್ಚಿಟ್ಟು, ಮತ್ತೆ ಹರಡಿದ ಮೇಲೆಯೇ ಅದು ಸರಿಯಾಗಿ ಒಡೆಯುತ್ತದೆ. ಬಿಸಿಲನ್ನೇ ನಂಬಿದ ಮಿಲ್ಲಿನಲ್ಲಿ ಯಂತ್ರಕ್ಕಿಂತ ಅಂಗಳದ್ದೇ ಮೇಲುಗೈ. ಆಷಾಢದ ಮೋಡ ಕವಿದರೆ ಎರಡು ದಿನದ ಕೆಲಸ ನಾಲ್ಕು ದಿನಕ್ಕೆ ಎಳೆಯುತ್ತದೆ. ಅಷ್ಟರಲ್ಲಿ ಎಪಿಎಂಸಿಯಿಂದ ಬಂದ ಮಾಲು ಚೀಲದಲ್ಲೇ ಉಳಿದು, ಹಣವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಹೀಗಾಗಿ ಆರ್ಡರ್‌ನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇವೆ. ಕ್ವಿಂಟಲ್ ತೊಗರಿಗೆ 70 ಕಿಲೋ ಬೇಳೆ ಎಂದು ಹಿಡಿದರೆ 100 ಕ್ವಿಂಟಲ್ ಬೇಳೆಗೆ ಸುಮಾರು 143 ಕ್ವಿಂಟಲ್ ಕಾಳು ಬೇಕು. ಕಾಳಿನ ತೇವಾಂಶ ಶೇ. 12 ದಾಟಿದ್ದರೆ ಒಣಗಿಸುವ ದಿನ ಹೆಚ್ಚುತ್ತದೆ, ಕೈಗೆ ಬರುವ ಬೇಳೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಹರಾಜು ಶುರುವಾಗುವ ಮುನ್ನವೇ ಅಡತಿಯವರಿಗೆ, ಅಂದರೆ ಮಾರುಕಟ್ಟೆಯ ದಲ್ಲಾಳಿಗಳಿಗೆ, ಫೋನ್ ಹೋಗಬೇಕು: “ಸಾಹುಕಾರ್ರೇ, ಇವತ್ತ ಮಾಲ್ ಕಳಸಬ್ಯಾಡ್ರಿ, ಅಂಗಳ ತುಂಬ್ಯಾದ.” ಇದೇ ಸುದ್ದಿ ಅದೇ ಹೊತ್ತಿಗೆ ಬೇಳೆ ಕೊಳ್ಳುವವರಿಗೂ, ಲಾರಿಯವರಿಗೂ ಮುಟ್ಟಬೇಕು. ಬಹಳಷ್ಟು ಕಡೆ ಮುಟ್ಟುವುದಿಲ್ಲ. ಖರೀದಿಯವರು ದರ ಇಳಿದ ದಿನ ಕೊಳ್ಳುತ್ತಾರೆ, ಮಾರಾಟದವರು ದರ ಏರಿದ ದಿನ ಆರ್ಡರ್ ಒಪ್ಪಿಕೊಳ್ಳುತ್ತಾರೆ, ನಡುವೆ ಅಂಗಳದಲ್ಲಿ ನಿಂತ ಹಮಾಲರನ್ನು ಯಾರೂ ಕೇಳುವುದಿಲ್ಲ. ಕಾಳು ಎಷ್ಟು ಒಣಗಿದೆ ಎಂಬುದನ್ನು ಕೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಚ್ಚಿ ಹೇಳಬಲ್ಲವರು ಅವರೇ.

2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿತು. ಇದು ನಮ್ಮ ನೆಲಕ್ಕೆ ಹೆಮ್ಮೆಯ ವಿಷಯ. ಆದರೆ ಆ ಹೆಸರಿನಲ್ಲಿ ಮಾರುವ ಬೇಳೆಗೆ ಮ್ಯಾನ್ಮಾರ್ ಅಥವಾ ಮೊಜಾಂಬಿಕ್‌ನ ಕಾಳು ಬೆರೆಯದಂತೆ ಅಂಗಳ, ಗೋದಾಮು, ಚೀಲಗಳ ಗುರುತನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತದೆ, ಅಂದರೆ ಇರುವ ಜಾಗವೇ ಮತ್ತೆ ಹಂಚಿಹೋಗುತ್ತದೆ.

ದಾಸ್ತಾನು ತುಂಬಿಟ್ಟುಕೊಂಡು ನಿಶ್ಚಿಂತೆಯಿಂದ ಇರಲೂ ಆಗದು. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಿಲ್ಲುಗಳಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ. 25, ಇವೆರಡರಲ್ಲಿ ಹೆಚ್ಚಿನದನ್ನು ದಾಸ್ತಾನಿನ ಮಿತಿಯಾಗಿ ವಿಧಿಸಿತ್ತು. ಅಂಥ ಆದೇಶ ಬಂದಾಗ ಅಡತಿಯವರ ಬಳಿ, ದಾರಿಯಲ್ಲಿ, ಅಂಗಳದಲ್ಲಿ ಇರುವ ಮಾಲನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದಿಟ್ಟವರಿಗೆ ಮಾತ್ರ ಯಾವ ಲಾರಿಯನ್ನು ತಡೆಯಬೇಕು, ಯಾವ ಆರ್ಡರ್ ಮೊದಲು ಕಳಿಸಬೇಕು ಎಂಬುದು ಅದೇ ದಿನ ತಿಳಿಯುತ್ತದೆ.