ಆರು ಚೂರು ಮಾಡಿದ ರೊಟ್ಟಿ

ಹುಬ್ಬಳ್ಳಿಯ ನಮ್ಮ ಆಫೀಸಿಗೆ ಹತ್ತಿರ ಅಂತ ಇರುವ ಗುಡ್ಡ ನೃಪತುಂಗ ಬೆಟ್ಟ ಒಂದೇ. ಅದು ಯಾರ ಮೈಮೇಲೂ ಬರುವಂಥದ್ದಲ್ಲ. ಆದರೂ ನಮ್ಮ ಸಂಬಳ ಹುಟ್ಟುವುದು ಘಟ್ಟದ ಗುಡ್ಡಗಳಿಂದ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು, 30ಕ್ಕೆ ವಯನಾಡಿನಲ್ಲಿ. ವಯನಾಡಿನಲ್ಲಿ ಕಲ್ಲು, ಕೆಸರು, ಮರ ಎಲ್ಲ ಕಲಸಿಕೊಂಡು ಸುಮಾರು 8 ಕಿಲೋಮೀಟರ್ ಹರಿದವು. ಅಲ್ಲಿಂದ ಈಚೆ ಎಲ್ಲರಿಗೂ ರನ್‌ಔಟ್ ಮ್ಯಾಪ್ ಬೇಕು, ಅಂದರೆ ಕುಸಿದ ಗುಡ್ಡ ಎಲ್ಲಿಯ ತನಕ ಹರಿದು ಬರುತ್ತದೆ ಅನ್ನುವ ನಕ್ಷೆ, ಅದೂ ನಾಳೆಗೇ.

ಈ ಕೆಲಸ ಯಲ್ಲಾಪುರದ ಕಡೆಯದು. ಗುಡ್ಡದ ಬುಡದಲ್ಲಿ ನಾಲ್ಕು ಮನೆ, ಅಡಿಕೆ ತೋಟ. "ಮೊದಲು ಮ್ಯಾಪ್ ಕೊಡು, ಸೈಟ್ ಆಮೇಲೆ ನೋಡೂಣು" ಅಂದರು ಸಾಹೇಬರು. ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ರ‍್ಯಾಮ್ಸ್‌ಗೆ ಇಡೀ ಆಫೀಸಿಗೆ ಒಂದೇ ಲೈಸೆನ್ಸ್. ನನ್ನ ಪಾಳಿ ಸಂಜೆ ಆರರ ಮೇಲೆ. ಅದರಲ್ಲಿ ಘರ್ಷಣೆಗೆ ಎರಡು ಅಂಕಿ: ಡಿಫಾಲ್ಟ್ ಮ್ಯೂ 0.2, ಕ್ಸೈ 200. ಮ್ಯೂ 0.2 ಅಂದರೆ ಇಳಿಜಾರು 11 ಡಿಗ್ರಿಗಿಂತ ಕಡಿಮೆ ಆದಲ್ಲಿ ಹರಿವಿಗೆ ಬ್ರೇಕ್ ಬೀಳುತ್ತದೆ. ಅದನ್ನೇ 0.1ರಿಂದ 0.3ರ ತನಕ ಮೂರು ರಾತ್ರಿ ತಿರುವಿದೆ. ಪ್ರತಿ ರನ್‌ನಲ್ಲೂ ಹರಿವು ಎಡಕ್ಕೆ, ಹುಲ್ಲು ಬೆಳೆಯುವ ಖಾಲಿ ಬ್ಯಾಣದ ಮೇಲೆ. ಮನೆಗಳಿದ್ದ ಜಾಗ ಬೆಳ್ಳಗೆ. ನನಗೆ ಖುಷಿಯೋ ಖುಷಿ. ಇಷ್ಟು ಗಟ್ಟಿ ಉತ್ತರ ಸುಮ್ನೆ ಬರುತ್ತಾ ಅಂದುಕೊಂಡೆ.

ಪಿಡಿಎಫ್ ಸಾಹೇಬರಿಗೆ ಮೇಲ್ ಮಾಡಿ, ಮರುದಿನ ಸೈಟಿಗೆ ಹೋದೆವು.

ತೋಟದೊಳಗೆ ಕಾಲಿಟ್ಟ ಕೂಡಲೇ ಹೊಟ್ಟೆಯಲ್ಲಿ ಕಸಿವಿಸಿ. ಅಡಿಕೆ ಮರಗಳ ನಡುವೆ ಆಲ್ಟೋ ಕಾರಿನಷ್ಟು ದೊಡ್ಡ ಬಂಡೆಗಳು, ಮೈತುಂಬ ಪಾಚಿ. ಪಕ್ಕದಲ್ಲೇ ಒಂದು ಹಳ್ಳ, ನಾಲ್ಕು ಮೀಟರ್ ಅಗಲ, ಮೂರು ಆಳ. ಮೊದಲನೇ ಮನೆಯ ಮೇಲ್ಗಡೆ ಗಕ್ಕನೆ ತಿರುಗುತ್ತದೆ. ನನ್ನ ಮ್ಯಾಪಿನಲ್ಲಿ ಆ ಹಳ್ಳವೇ ಇಲ್ಲ.

"ಈ ಕಲ್ಲು ಯಾರು ತಂದು ಇಟ್ಟಿದ್ದು ಮಾರಾಯ್ರೇ, ನಾವಾ?" ಅಂದರು ತೋಟದ ಯಜಮಾನರು. ನಗುತ್ತಲೇ ಕೇಳಿದರು. ನಾನು ಮೊಬೈಲಿನಲ್ಲಿದ್ದ ಮ್ಯಾಪನ್ನು ಜೇಬಿಗೆ ಹಾಕಿಕೊಂಡೆ.

ನಾಲ್ಕು ಗಂಟೆಗೆ ರಿಪೋರ್ಟ್ ಕ್ಲೈಂಟ್‌ಗೆ ಹೋಗುವುದಿತ್ತು. ಆಗ ಮೂರೂ ಇಪ್ಪತ್ತು. ಕೆಳಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಜೀಪು ರಿವರ್ಸ್ ತೆಗೆದು ಮಣ್ಣಿನ ರಸ್ತೆ ಹತ್ತಿದೆವು. ಒಂದು ತಿರುವಿನಲ್ಲಿ ಎರಡು ಕಡ್ಡಿ ಬಂತು, ಫೋನ್ ಹಚ್ಚುವಷ್ಟರಲ್ಲಿ ಹೋಯಿತು. ಬಿಡುವುದು, ಹಚ್ಚುವುದು, ಬಿಡುವುದು. ಆ ಹೊತ್ತಿನಲ್ಲಿ ತಲೆಯಲ್ಲಿ ಓಡುತ್ತಿದ್ದದ್ದು ಬಂಡೆಯಲ್ಲ, ಎರಡನೇ ಪುಟದಲ್ಲಿ ನಾನೇ ಬರೆದ "ಮನೆಗಳಿಗೆ ಅಪಾಯವಿಲ್ಲ" ಅನ್ನುವ ಸಾಲು. ಕಡೆಗೆ ಡಾಂಬರು ರಸ್ತೆಗೆ ಬಂದ ಮೇಲೆ ಹತ್ತಿತು.

"ಸರ, ಅದನ್ನ ಕಳಸಬ್ಯಾಡ್ರಿ."

"ಕಳಿಸಿ ಅರ್ಧಾ ತಾಸಾತಲ್ಲೋ. ಮ್ಯಾಪ್ ಚಂದ ಬಂದದ."

ಕವರ್ ಪುಟದ ಮೇಲೆ 'ಡ್ರಾಫ್ಟ್' ಅಂತ ಒಂದು ಮಾತೂ ಇರಲಿಲ್ಲ. ಸಾಹೇಬರು ಕ್ಲೈಂಟ್‌ಗೆ ಫೋನ್ ಮಾಡಿ ವಾಪಸ್ ತೆಗೆದುಕೊಂಡರು. ನನಗೆ ಸಿಕ್ಕ ಬೈಗುಳ ಇಲ್ಲಿ ಬೇಡ.

ರಾತ್ರಿ ಡಿಇಎಮ್, ಅಂದರೆ ಮಾಡೆಲ್‌ಗೆ ಕೊಟ್ಟ ನೆಲದ ಎತ್ತರದ ನಕ್ಷೆ, ತೆಗೆದು ಕೂತೆ. ಮೂರು ರಾತ್ರಿಯೂ ಅದನ್ನು ಮುಟ್ಟಿರಲೇ ಇಲ್ಲ. ಆಲೋಸ್ ಪಾಲ್ಸಾರ್ ಅನ್ನುವ ಉಪಗ್ರಹ ರಾಡಾರ್‌ನ ಚಿತ್ರಗಳ ಜೊತೆ ಪುಕ್ಕಟೆ ಸಿಗುವ, 12.5 ಮೀಟರಿನ ಚೌಕಗಳದ್ದು. ಅದು ಹೊಸದಾಗಿ ಅಳೆದದ್ದಲ್ಲ. 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್‌ನಿಂದ ನೆಲದ ಎತ್ತರ ಅಳೆದ ಎಸ್‌ಆರ್‌ಟಿಎಮ್‌ನ 30 ಮೀಟರಿನ ಚೌಕವನ್ನೇ ಸಣ್ಣ ಚೌಕ ಮಾಡಿ ಕೊಟ್ಟದ್ದು. ಒಂದು ರೊಟ್ಟಿಯನ್ನು ಆರು ಚೂರು ಮಾಡಿದರೆ ಹಿಟ್ಟೇನು ಜಾಸ್ತಿ ಆಗುತ್ತಾ? ಮೇಲಾಗಿ ದಟ್ಟ ಕಾಡಿನಲ್ಲಿ ಆ ರಾಡಾರ್‌ಗೆ ಕಾಣುವುದು ನೆಲಕ್ಕಿಂತ ಮರಗಳ ತಲೆ. ನಾಲ್ಕು ಮೀಟರಿನ ಹಳ್ಳ ಎಲ್ಲಿಂದ ಸಿಗಬೇಕು? ಪ್ರತಿ ರನ್‌ನಲ್ಲೂ ಒಂದೇ ಉತ್ತರ ಬಂದದ್ದು ಗಟ್ಟಿತನ ಅಲ್ಲ, ಪ್ರತಿ ಸಲವೂ ಅದೇ ತಪ್ಪು ನೆಲ.

ಡ್ರೋನ್ ತರಿಸೋಣ ಅಂದರು ಸಾಹೇಬರು. ಅದರ ಕ್ಯಾಮೆರಾಗೂ ಮರದ ಕೆಳಗಿನ ನೆಲ ಕಾಣಲ್ಲ ಅಂತ ತಿಳಿಸಿ ಹೇಳುವುದಕ್ಕೇ ಎರಡು ದಿನ ಹಿಡಿಯಿತು. ಕೊನೆಗೆ ಟೇಪ್ ಹಿಡಿದು ಹನ್ನೊಂದು ಕಡೆ ಹಳ್ಳದ ಅಗಲ, ಆಳ ಅಳೆದು ಡಿಇಎಮ್‌ನಲ್ಲಿ ಕೊರೆದು ಕೂರಿಸಿದೆವು. ಮ್ಯೂ ಅದೇ 0.2. ಈ ಸಲ ಹರಿವು ಹಳ್ಳ ಹಿಡಿದು ಬಂತು, ತಿರುವಿನಲ್ಲಿ ದಡ ಹತ್ತಿತು, ಮೊದಲನೇ ಮನೆಯ ಮೇಲೆ ಕೆಂಪು.

ಹೊಸ ರಿಪೋರ್ಟಿನಲ್ಲಿ ಬಂಡೆಗಳ ಫೋಟೋ ಮೊದಲನೇ ಪುಟಕ್ಕೇ ಹಾಕಿದ್ದೇನೆ. ಸಾಹೇಬರಿಗೆ ಅದಕ್ಕಿಂತ ಅನಿಮೇಶನ್ ಇಷ್ಟ. ಟೇಪಿನ 340 ರೂಪಾಯಿ ಬಿಲ್ ಇನ್ನೂ ಪಾಸಾಗಿಲ್ಲ. ಮಾಡೆಲಿಂಗ್ ಕೆಲಸಕ್ಕೆ ಟೇಪ್ ಯಾಕೆ ಬೇಕಾಯಿತು ಅಂತ ಅಕೌಂಟ್ಸ್‌ನವರು ಬರೆದು ಕೇಳಿದ್ದಾರೆ.