ಒದ್ದೆ ಮಣ್ಣಿನಲ್ಲಿ ಬಾಡಿದ ಕಾಫಿ ಗಿಡ

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ಕೆಲಸ. ನರ್ಸರಿಯೂ ನನ್ನ ಜವಾಬ್ದಾರಿ. ಆ ವರ್ಷ ಮೇ ತಿಂಗಳಲ್ಲಿ ಎರಡು ಮಳೆ ಬಿದ್ದದ್ದೇ ತಡ, ಶಂಖುಹುಳು ಎದ್ದವು. ಆಫ್ರಿಕನ್ ಬಸವನಹುಳು ಅಂತಾರಲ್ಲ, ಅದೇ. ಜೂನ್‌ನಲ್ಲಿ ನೆಡಬೇಕಿದ್ದ ಗಿಡಗಳ ಎಳೆ ಎಲೆಗಳನ್ನು ರಾತ್ರಿ ಬೆಳಗಾಗುವುದರೊಳಗೆ ತಿಂದು ಹಾಕುತ್ತಿದ್ದವು.

ಜಿಗಣೆಗೆ ಉಪ್ಪು ಹಾಕಿ ಬಿಡಿಸುವುದು ನಮಗೆ ಅಭ್ಯಾಸ. ಅದೇ ಧೈರ್ಯದಲ್ಲಿ ಸಾಲುಗಳ ನಡುವೆ, ಗಿಡ ಬೆಳೆಸುವ ಬ್ಯಾಗ್‌ಗಳ ಮೇಲೆ, ಎಲ್ಲ ಕಡೆ ಕಲ್ಲುಪ್ಪು ಎರಚಿಸಿದೆ. ಮರುದಿನ ಹುಳುಗಳು ಲೋಳೆ ಬಿಟ್ಟು ಸತ್ತು ಬಿದ್ದಿದ್ದವು. ಎಲ್ಲರಿಗೂ ಖುಷಿ.

ನಾಲ್ಕೈದು ದಿನ ಕಳೆದಿರಬಹುದು. ಗಿಡಗಳಿಗೆ ನೀರು ಹಾಕುವ ಅಕ್ಕ ಬಂದು, "ರೈಟ್ರೇ, ಮಣ್ಣು ಒದ್ದೆ ಇದೆ, ಎಲೆ ಯಾಕೆ ಜೋತು ಬಿದ್ದಿದೆ?" ಎಂದರು. ಬಾಯಾರಿಕೆ ಇರಬೇಕು ಅಂದುಕೊಂಡು ಇನ್ನೂ ಸ್ವಲ್ಪ ನೀರು ಚಿಮುಕಿಸಲು ಹೇಳಿದೆ. ಅದು ದೊಡ್ಡ ತಪ್ಪು. ಮೇಲೆ ಉಳಿದಿದ್ದ ಉಪ್ಪು ಕರಗಿ ನೇರ ಬೇರಿಗೆ ಇಳಿಯಿತು.

ಪಿಯುಸಿಯಲ್ಲಿ ಓದಿದ್ದ ಆಸ್ಮಾಸಿಸ್ (ಕೋಶದ ಪೊರೆ ದಾಟಿ ನೀರು ಹರಿಯುವುದು) ಪಾಠ ನೆನಪಾದದ್ದು ಆ ರಾತ್ರಿ. ಮರುದಿನ ಆಲೂಗಡ್ಡೆಯನ್ನು ಬೆರಳುದ್ದ ಕತ್ತರಿಸಿ, ಒಂದು ತುಂಡನ್ನು ಬರೀ ನೀರಿಗೆ, ಇನ್ನೊಂದನ್ನು ಗಟ್ಟಿ ಉಪ್ಪುನೀರಿಗೆ ಹಾಕಿ ಎಲ್ಲರ ಮುಂದೆ ಇಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಉಪ್ಪುನೀರಿನ ತುಂಡು ರಬ್ಬರಿನ ಹಾಗೆ ಬಾಗುತ್ತಿತ್ತು. ಇನ್ನೊಂದು ಪಟ್ಟನೆ ಮುರಿಯಿತು.

ಜೀವಕೋಶದ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಅದಕ್ಕೇ ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹರಿಯುತ್ತದೆ. ಗಿಡದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆಯೂ ಇದೆ. ಸೈಕಲ್ ಟಯರ್ ಒಳಗಿನ ಟ್ಯೂಬ್ ಇದ್ದಂತೆ. ಒಳಗೆ ನೀರು ತುಂಬಿ ಗೋಡೆಯನ್ನು ಒತ್ತಿದಾಗ ಎಲೆ ನೆಟ್ಟಗೆ ನಿಲ್ಲುತ್ತದೆ. ಮಣ್ಣು ಉಪ್ಪಾದರೆ ಬೇರಿಗೆ ನೀರು ಸಿಗದು, ಒಳಗಿದ್ದದ್ದೂ ಹೊರಗೆ ಹೋಗುತ್ತದೆ. ಆಗ ಟ್ಯೂಬ್ ಕುಗ್ಗಿ ಎಲೆ ಜೋಲುತ್ತದೆ.

ಹುಳುವಿನ ಕೋಶಕ್ಕೂ ನಮ್ಮ ಕೋಶಕ್ಕೂ ಆ ಟಯರ್ ಇಲ್ಲ, ಬರೀ ಟ್ಯೂಬ್. ಉಪ್ಪು ಬಿದ್ದರೆ ಸುಕ್ಕಾಗುತ್ತದೆ. ನಮ್ಮ ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆದೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುವುದು ಇದಕ್ಕೇ.

ಮೇಲಿನ ಮಣ್ಣನ್ನು ಉಪ್ಪಿನ ಸಮೇತ ಕೆರೆದು ತೆಗೆಸಿದೆ. ಬ್ಯಾಗಿನ ತೂತುಗಳಿಂದ ಹರಿದು ಹೋಗುವಷ್ಟು ಒಳ್ಳೆಯ ನೀರನ್ನು ಮೂರು ಸಲ ಹಾಕಿಸಿದೆವು. ಬರೀ ಜೋತುಬಿದ್ದಿದ್ದ ಗಿಡಗಳು ಚೇತರಿಸಿಕೊಂಡವು. ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದವು ಉಳಿಯಲಿಲ್ಲ. ಸುಮಾರು 300 ಗಿಡ ಹೋದವು. ಬೀಜದಿಂದ ಸಾಕಿದ್ದ ಆ ಅಕ್ಕ ಅವನ್ನು ಒಂದೊಂದಾಗಿ ಎತ್ತಿ ಹಾಕುವಾಗ ನನಗೆ ನೋಡಲಾಗಲಿಲ್ಲ.

ಗೊಬ್ಬರ ಜಾಸ್ತಿಯಾದರೂ ಉಪ್ಪಿನ ಹಾಗೇ ನೀರೆಳೆಯುತ್ತದೆ, ಅಲ್ವಾ? ಎಲೆಗೆ ಹೊಡೆಯುವ ಯೂರಿಯಾ 200 ಲೀಟರ್ ಬ್ಯಾರಲ್‌ಗೆ 1 ಕೆಜಿ ಅಂದರೆ 1 ಕೆಜಿಯೇ. ಈಗ ತೂಗಿಯೇ ಕೊಡುತ್ತೇನೆ.

ಹುಳು ಈಗಲೂ ಬರುತ್ತವೆ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಪಪ್ಪಾಯಿ ಎಲೆ ಇಡುತ್ತೇವೆ. ಬೆಳಗ್ಗೆ ಅದರಡಿ ಸೇರಿದವನ್ನು ಗ್ಲೌಸ್ ಹಾಕಿ ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕುತ್ತೇವೆ. ಆ ಬಕೆಟ್ ನರ್ಸರಿ ಬೇಲಿಯ ಹೊರಗೇ ಇರುತ್ತದೆ.